ಬಾಲ್‌ಸ್ಕ್ರೂ ಪುರಾಣ: ಗುಬ್ಬಿಯ ಒಂದು ಹಳೇ ಮಿಲ್ಲಿಂಗ್ ಮಶೀನಿನ ನೆಪದಲ್ಲಿ

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದಾಗ ಹಬ್ಬದ ದಿನ ಮಧ್ಯಾಹ್ನ ನಾನು ಮಾಡಿದ ಕೆಲಸ ಏನು ಗೊತ್ತಾ? ಗುಬ್ಬಿಯಲ್ಲಿ ಸೋದರಮಾವನ ಮನೆ ಹಿಂದಿನ ವರ್ಕ್‌ಶಾಪಿನಲ್ಲಿ ಮಂಡಿಯೂರಿ, ಮೊಬೈಲ್ ಟಾರ್ಚ್ ಹಿಡಿದುಕೊಂಡು, ಲೇತಿನ ಕೆಳಗೆ ಬಿದ್ದಿದ್ದ ಕಬ್ಬಿಣದ ಚಿಪ್ಸುಗಳ ನಡುವೆ ಪುಟ್ಟ ಪುಟ್ಟ ಉಕ್ಕಿನ ಬಾಲ್ಸು ಹುಡುಕಿದ್ದು. ಒಂದೊಂದೂ ಇಂಚಿನ ಎಂಟನೇ ಒಂದು ಭಾಗದಷ್ಟು, ಅಂದರೆ 3.175 ಮಿ.ಮೀ. ಸಾಸಿವೆಗಿಂತ ಸ್ವಲ್ಪ ದೊಡ್ಡದು, ಬಟಾಣಿಗಿಂತ ಚಿಕ್ಕದು. ಹೊಸದಾಗಿ ತರಿಸಿದ್ದ ಬಾಲ್‌ಸ್ಕ್ರೂವಿನ ನಟ್ಟನ್ನು ಮಾಮೂಲಿ ಬೋಲ್ಟಿನ ನಟ್ಟು ತೆಗೆದ ಹಾಗೆ ತಿರುಗಿಸಿ ತಿರುಗಿಸಿ ಹೊರಗೆ ತೆಗೆದುಬಿಟ್ಟಿದ್ದೆ. ಮಳೆ ಬಿದ್ದ ಹಾಗೆ ಸದ್ದಾಯ್ತು, ಅಷ್ಟೇ.

ಮಾವ ಬಾಗಿಲಲ್ಲಿ ನಿಂತು ನೋಡಿದರು. "ಏನೋ, ಇಂಜಿನಿಯರಿಂಗ್ ಓದಿದ್ದೀಯ, ಒಂದು ದಿನನೂ ಸೈಕಲ್ ಬಿಚ್ಚಿಲ್ವೇನೋ?" ಅಂದು ಒಳಗೆ ಹೋಗಿ ಸಂಕ್ರಾಂತಿ ಎಳ್ಳು ಆರಿಸುವ ಮೊರ ತಂದುಕೊಟ್ಟರು. ಎಲ್ಲಾ ಸಿಕ್ಕವು, ಎರಡು ಬಿಟ್ಟು. ಆ ಎರಡು ಇವತ್ತಿಗೂ ಸಿಕ್ಕಿಲ್ಲ :)

ನಟ್ಟನ್ನು ತೆಗೆಯಲೇಬೇಕಾದರೆ ಸ್ಕ್ರೂವಿನ ಒಳ ವ್ಯಾಸದಷ್ಟೇ ದಪ್ಪದ ಒಂದು ಪೈಪ್ ತುಂಡನ್ನು ತುದಿಗೆ ತಾಗಿಸಿ ಹಿಡಿದು, ನಟ್ಟನ್ನು ಅದರ ಮೇಲಕ್ಕೆ ಜಾರಿಸಬೇಕು. ಪೈಪ್ ಒಳಗಿರುವವರೆಗೂ ಬಾಲ್ಸು ಬೀಳಲ್ಲ. ಇದು ನನಗೆ ಗೊತ್ತಾಗಿದ್ದು ಬಾಲ್ಸು ಬಿದ್ದ ಮೇಲೆ.

ಇದೆಲ್ಲ ಯಾಕೆ ಶುರುವಾಯ್ತು ಅಂತ ಹೇಳಿಬಿಡುತ್ತೇನೆ. ಮಾವನ ಮಗ, ನನಗೆ ಭಾವ ಆಗಬೇಕು, ಗುಬ್ಬಿಯಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟಿದ್ದಾನೆ. ಅಡಿಕೆ ಸುಲಿಯುವ ಮಶೀನಿನ ರೋಲರ್, ಪಂಪ್‌ಸೆಟ್ ಶಾಫ್ಟ್, ಟ್ರ್ಯಾಕ್ಟರ್ ಬಿಡಿಭಾಗ, ಇಂಥ ಕೆಲಸ. ಎರಡು ವರ್ಷದಿಂದ ತುಮಕೂರಿನ ಕಡೆಯಿಂದ ಒಳ್ಳೆ ಜಾಬ್‌ವರ್ಕ್ ವಿಚಾರಣೆ ಬರುತ್ತಿತ್ತು. ಆದರೆ ಎಲ್ಲರದ್ದೂ ಮೊದಲ ಪ್ರಶ್ನೆ ಒಂದೇ: "ಸಿಎನ್‌ಸಿ ಇದೆಯಾ?" ಇಲ್ಲ ಅಂದರೆ ಫೋನ್ ಕಟ್. ಹೊಸ ಸಿಎನ್‌ಸಿ ಮಿಲ್ಲಿಂಗ್ ಮಶೀನು ತರಬೇಕಾದರೆ ಇಪ್ಪತ್ತು ಲಕ್ಷದ ಮಾತು, ಮನೆ ಪತ್ರ ಅಡ ಇಡಬೇಕು. ಕುಣಿಗಲ್ಲಿನಲ್ಲಿ ಒಬ್ಬರು ವರ್ಕ್‌ಶಾಪ್ ಮುಚ್ಚುತ್ತಿದ್ದರು. ಅವರ ಹತ್ತಿರ ಹಳೇ ಟರೆಟ್ ಮಿಲ್ಲಿಂಗ್ ಮಶೀನು ಅಗ್ಗಕ್ಕೆ ಸಿಕ್ಕಿತು. ಟೆಂಪೋದಲ್ಲಿ ಹೆಬ್ಬೂರು, ತುಮಕೂರು ದಾಟಿಸಿ ಗುಬ್ಬಿಗೆ ತಂದೆವು. "ನಾನು ಮೋಟರ್ ಹಾಕಿ ಸಿಎನ್‌ಸಿ ಮಾಡಿಕೊಡ್ತೀನಿ, ಸಾಫ್ಟ್‌ವೇರ್ ಎಲ್ಲಾ ಫ್ರೀ ಸಿಗುತ್ತೆ" ಅಂತ ಜಂಬದಿಂದ ಹೇಳಿದವನು ನಾನೇ. ಭಾವ ನನ್ನನ್ನು ನಂಬಿ ಒಂದು ಆರ್ಡರ್ ಕೂಡ ಒಪ್ಪಿಕೊಂಡುಬಿಟ್ಟ. ಅಲ್ಲಿಗೆ ಆಟ ಮುಗಿದು ಕೆಲಸ ಶುರುವಾಯ್ತು.

ಸರಿ, ಇನ್ನು ಇತಿಹಾಸಕ್ಕೆ ಬರೋಣ. ಈ ಮೂರ್ನಾಲ್ಕು ತಿಂಗಳು ಮಶೀನು ಬಿಚ್ಚುತ್ತಾ ರಾತ್ರಿ ಹೊತ್ತು ಓದಿದ್ದು ಇದನ್ನೇ.

ಸ್ಕ್ರೂ ಅಂದರೆ ನಮಗೆ ಬಿಗಿಯುವ ವಸ್ತು. ಮಶೀನು ಕಟ್ಟುವವರಿಗೆ ಅದು ಅಳೆಯುವ ವಸ್ತು. ಒಂದು ಸುತ್ತು ತಿರುಗಿಸಿದರೆ 5 ಮಿ.ಮೀ. ಮುಂದೆ ಹೋಗುತ್ತೆ ಅಂದರೆ, ಸುತ್ತನ್ನು ನೂರು ಭಾಗ ಮಾಡಿ ಒಂದು ಭಾಗ ತಿರುಗಿಸಿದರೆ 0.05 ಮಿ.ಮೀ. ಲಂಡನ್ನಿನ ಹೆನ್ರಿ ಮಾಡ್‌ಸ್ಲೆ 1800ರ ಆಸುಪಾಸಿನಲ್ಲಿ ಸ್ಕ್ರೂ ಕತ್ತರಿಸುವ ಲೇತನ್ನು ಪಳಗಿಸಿದ. ಒಂದು ಒಳ್ಳೆ ಸ್ಕ್ರೂ ಇದ್ದರೆ ಅದರಿಂದ ಇನ್ನೊಂದು ಒಳ್ಳೆ ಸ್ಕ್ರೂ ಮಾಡಬಹುದು ಅನ್ನುವುದು ಅಲ್ಲಿಂದ ಗಟ್ಟಿಯಾಯ್ತು. 1880ರ ದಶಕದಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಹೆನ್ರಿ ರೋಲೆಂಡ್ ಇದನ್ನು ಹುಚ್ಚಿನ ಮಟ್ಟಕ್ಕೆ ತೆಗೆದುಕೊಂಡು ಹೋದ. ಬೆಳಕನ್ನು ಬಣ್ಣಗಳಾಗಿ ಒಡೆಯುವ ಗ್ರೇಟಿಂಗ್ ಮಾಡಲು ಇಂಚಿಗೆ 14,000ಕ್ಕೂ ಹೆಚ್ಚು ಗೆರೆ ಎಳೆಯಬೇಕಿತ್ತು. ಅದಕ್ಕೆ ಬೇಕಾದ ಸ್ಕ್ರೂವನ್ನು ಅವನು ಉದ್ದನೆಯ ಸೀಳು ನಟ್ಟಿನೊಳಗೆ ಸಾಣೆಪುಡಿ ಹಾಕಿ, ಹಿಂದೆ ಮುಂದೆ ತಿಕ್ಕಿ ತಿಕ್ಕಿ ತಪ್ಪುಗಳನ್ನು ಸವೆಸಿ ಮಾಡಿಕೊಂಡ.

ಆದರೆ ಎಷ್ಟೇ ಒಳ್ಳೆ ಸ್ಕ್ರೂ ಆದರೂ ಒಂದು ರೋಗ ಮಾತ್ರ ಹೋಗುವುದಿಲ್ಲ. ನಟ್ಟು ಸ್ಕ್ರೂ ಮೇಲೆ ಜಾರಬೇಕಾದರೆ ಇಬ್ಬರ ನಡುವೆ ಎಣ್ಣೆ ನಿಲ್ಲುವಷ್ಟು ಜಾಗ ಬೇಕು. ಆ ಜಾಗವೇ ಪ್ಲೇ, ಇಂಗ್ಲಿಷಿನ ಬ್ಯಾಕ್‌ಲ್ಯಾಶ್. ಹ್ಯಾಂಡಲ್ಲನ್ನು ಈ ಕಡೆಯಿಂದ ಆ ಕಡೆಗೆ ತಿರುಗಿಸಿದಾಗ ಮೊದಲ ಸ್ವಲ್ಪ ದೂರ ಟೇಬಲ್ ಅಲುಗಾಡುವುದೇ ಇಲ್ಲ. ಸವೆದಷ್ಟೂ ಇದು ಹೆಚ್ಚು. ಕುಣಿಗಲ್ ಮಶೀನಿನಲ್ಲಿ ಅಳೆದಾಗ ಟೇಬಲ್ಲಿನ ಮಧ್ಯದಲ್ಲಿ 0.45 ಮಿ.ಮೀ., ತುದಿಗಳಲ್ಲಿ 0.10. ಕೆಲಸವೆಲ್ಲ ಮಧ್ಯದಲ್ಲೇ ನಡೆಯುವುದರಿಂದ ಸವೆತವೂ ಅಲ್ಲೇ. ಮಧ್ಯಕ್ಕೆ ತಕ್ಕಂತೆ ನಟ್ಟು ಬಿಗಿ ಮಾಡಿದರೆ ತುದಿಯಲ್ಲಿ ಹಿಡಿದುಕೊಳ್ಳುತ್ತೆ.

ಕೈಯಲ್ಲಿ ನಡೆಸುವವನಿಗೆ ಇದು ದೊಡ್ಡ ತೊಂದರೆಯೇ ಅಲ್ಲ. ಯಾವಾಗಲೂ ಒಂದೇ ಕಡೆಯಿಂದ ಬರುತ್ತಾನೆ. ದಾಟಿ ಹೋದರೆ ಒಂದು ಸುತ್ತು ಪೂರ್ತಿ ಹಿಂದೆ ಬಂದು ಮತ್ತೆ ಅದೇ ಕಡೆಯಿಂದ ಗುರುತಿಗೆ ತರುತ್ತಾನೆ. ನೂರೈವತ್ತು ವರ್ಷ ಪ್ರಪಂಚದ ಮಶೀನುಗಳೆಲ್ಲ ಓಡಿದ್ದು ಈ ಕೈಚಳಕದ ಮೇಲೆ. ಪುಸ್ತಕಗಳಲ್ಲಿ ಸ್ಕ್ರೂ ಕಂಡುಹಿಡಿದವರ ಹೆಸರಿದೆ, ಪ್ಲೇ ನುಂಗಿಕೊಂಡು ಕೆಲಸ ತೆಗೆದವರ ಬಗ್ಗೆ ಎರಡು ಸಾಲೂ ಇರುವುದಿಲ್ಲ. ನನಗೆ ಇದು ಸ್ವಲ್ಪ ಬೇಜಾರಿನ ವಿಷಯ.

ಜಾರುವ ಬದಲು ಉರುಳಿದರೆ? ಈ ಯೋಚನೆ ಬಂದಿದ್ದು ಸೈಕಲ್ ಕಾಲದಲ್ಲಿ. 1883ರಲ್ಲಿ ಜರ್ಮನಿಯ ಶ್ವೈನ್‌ಫುರ್ಟ್‌ನಲ್ಲಿ ಫ್ರೀಡ್ರಿಶ್ ಫಿಷರ್ ಉಕ್ಕಿನ ಬಾಲ್ಸನ್ನು ಒಂದೇ ಅಳತೆಗೆ ಉಜ್ಜುವ ಮಶೀನು ಮಾಡಿದ. ಬಾಲ್ ಬೇರಿಂಗ್ ಅಗ್ಗವಾಯ್ತು, ಸೈಕಲ್ ಹಗುರವಾಗಿ ಓಡಿತು. 1898ರಲ್ಲಿ ಅಮೆರಿಕದಲ್ಲಿ ಸ್ಟೀವನ್ಸನ್ ಮತ್ತು ಗ್ಲೆನ್ ಎಂಬ ಇಬ್ಬರು ಬೇರೆ ಬೇರೆಯಾಗಿ ಬಾಲ್‌ಸ್ಕ್ರೂ ಪೇಟೆಂಟ್ ಪಡೆದರು. ಸ್ಕ್ರೂ ಮತ್ತು ನಟ್ಟಿನ ನಡುವೆ ಬಾಲ್ಸು ಉರುಳುತ್ತವೆ, ಕೊನೆಗೆ ಬಂದವು ಒಂದು ಕೊಳವೆ ಹಿಡಿದು ವಾಪಸ್ ಮೊದಲಿಗೆ ಹೋಗುತ್ತವೆ. ಮಾಮೂಲಿ ಸ್ಕ್ರೂವಿನಲ್ಲಿ ನಾವು ಹಾಕಿದ ಶಕ್ತಿಯ ಅರ್ಧಕ್ಕಿಂತ ಹೆಚ್ಚು ತಿಕ್ಕಾಟಕ್ಕೇ ಹೋಗುತ್ತೆ. ಇದರಲ್ಲಿ ಶೇಕಡಾ 90ರಷ್ಟು ಕೆಲಸಕ್ಕೆ ಸಿಗುತ್ತೆ. ಬಾಲ್ಸನ್ನು ಒಂಚೂರು ದಪ್ಪದ್ದು ಹಾಕಿದರೆ ಪ್ಲೇ ಕೂಡ ಮಾಯ.

ತಮಾಷೆ ಏನೆಂದರೆ ಇದು ಮೊದಲು ದೊಡ್ಡ ಮಟ್ಟದಲ್ಲಿ ಬಂದಿದ್ದು ಮಶೀನುಗಳಿಗಲ್ಲ, ಕಾರಿನ ಸ್ಟೀರಿಂಗಿಗೆ. ಜನರಲ್ ಮೋಟರ್ಸ್‌ನ ಸ್ಯಾಗಿನಾ ವಿಭಾಗ 1940ರ ಕ್ಯಾಡಿಲಾಕ್‌ನಲ್ಲಿ ಹಾಕಿತು. ನಮ್ಮ ಹೈವೇ ಪಕ್ಕದ ಗ್ಯಾರೇಜುಗಳಲ್ಲಿ ಲಾರಿ ಸ್ಟೀರಿಂಗ್ ಬಾಕ್ಸ್ ಬಿಚ್ಚುವ ಹುಡುಗರಿಗೆ ಈ ನಟ್ಟು ನನಗಿಂತ ಚೆನ್ನಾಗಿ ಗೊತ್ತು. ಅವರು ಯಾರೂ ಹಬ್ಬದ ದಿನ ಮೊರ ಹಿಡಿದು ಕೂರುವುದಿಲ್ಲ.

ಈಗ ಹೆಲಿಕಾಪ್ಟರ್ ಬರುತ್ತೆ. ಅಮೆರಿಕದ ಮಿಶಿಗನ್‌ನ ಟ್ರ್ಯಾವರ್ಸ್ ಸಿಟಿಯಲ್ಲಿ ಜಾನ್ ಪಾರ್ಸನ್ಸ್ ಅನ್ನುವವನು ಸಿಕೋರ್ಸ್ಕಿ ಹೆಲಿಕಾಪ್ಟರುಗಳಿಗೆ ರೆಕ್ಕೆ, ಅಂದರೆ ಮೇಲೆ ತಿರುಗುವ ರೋಟರ್ ಬ್ಲೇಡ್, ಮಾಡಿಕೊಡುತ್ತಿದ್ದ. ಬ್ಲೇಡಿನ ಅಡ್ಡಕೊಯ್ತದ ಆಕಾರ ಒಂದು ನವಿರಾದ ವಕ್ರರೇಖೆ. ಅದರ ಟೆಂಪ್ಲೇಟ್ ಮಾಡಲು ಹದಿನೇಳು ಬಿಂದು ಗುರುತು ಹಾಕಿ, ನಡುವೆ ಕೈಯಲ್ಲಿ ಗೆರೆ ಎಳೆದು ಅರ ಹಾಕುತ್ತಿದ್ದರು. 1946ರಲ್ಲಿ ಅವನ ಜೊತೆ ಸೇರಿದ ಫ್ರ್ಯಾಂಕ್ ಸ್ಟೂಲೆನ್, ಐಬಿಎಂ ಪಂಚ್‌ಕಾರ್ಡ್ ಮಶೀನುಗಳಲ್ಲಿ ಲೆಕ್ಕ ಹಾಕಿ 200 ಬಿಂದು ಕೊಡಬಹುದು ಅಂದ. ಆಮೇಲೆ ಮಿಲ್ಲಿಂಗ್ ಮಶೀನಿನ ಮುಂದೆ ಮೂರು ಜನ ನಿಂತರು. ಒಬ್ಬ ಪಟ್ಟಿ ನೋಡಿ ಸಂಖ್ಯೆ ಕೂಗುತ್ತಿದ್ದ, ಒಬ್ಬ ಉದ್ದದ ಹ್ಯಾಂಡಲ್ ತಿರುಗಿಸುತ್ತಿದ್ದ, ಇನ್ನೊಬ್ಬ ಅಡ್ಡದ ಹ್ಯಾಂಡಲ್. ಆ ಮೂವರ ಜಾಗದಲ್ಲಿ ಪಂಚ್‌ಕಾರ್ಡ್ ಮತ್ತು ಮೋಟರ್ ಹಾಕೋಣ ಅನ್ನುವುದೇ ಪಾರ್ಸನ್ಸ್‌ನ ಐಡಿಯಾ. 1949ರಲ್ಲಿ ಅಮೆರಿಕದ ವಾಯುಪಡೆ ದುಡ್ಡು ಕೊಟ್ಟಿತು, ಕೆಲಸ ಎಂಐಟಿಗೆ ಹೋಯ್ತು, 1952ರ ಸೆಪ್ಟೆಂಬರಿನಲ್ಲಿ ಸಿನ್ಸಿನಾಟಿ ಹೈಡ್ರೋಟೆಲ್ ಮಿಲ್ಲಿಂಗ್ ಮಶೀನು ಪಂಚ್ ಮಾಡಿದ ಟೇಪು ಓದಿ ತಾನೇ ಕತ್ತರಿಸಿ ತೋರಿಸಿತು. ಪಾರ್ಸನ್ಸ್‌ಗೂ ಎಂಐಟಿಗೂ ಆಗಲೇ ಜಗಳ ಹತ್ತಿತ್ತು, ಅದು ಬೇರೆ ಕಥೆ.

ಹೆಲಿಕಾಪ್ಟರ್ ಬ್ಲೇಡಿಗೋಸ್ಕರ ಹುಟ್ಟಿದ ವಿದ್ಯೆ ಇದು. ನಾನು ಇದನ್ನು ಓದಿದ್ದು ಗುಬ್ಬಿಯಲ್ಲಿ ಕೂತು. ಇದೇ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. ಶಂಕುಸ್ಥಾಪನೆ 2016ರ ಜನವರಿ 3, ಉದ್ಘಾಟನೆ 2023ರ ಫೆಬ್ರವರಿ 6. ವೀರಣ್ಣನವರ ನಾಟಕ ಕಂಪನಿಯಿಂದ ಹೆಸರಾದ ಊರಿನ ಪಕ್ಕದಲ್ಲಿ ಈಗ ಹೆಲಿಕಾಪ್ಟರ್! ಭಾವನಿಗೆ ಬರುವ "ಸಿಎನ್‌ಸಿ ಇದೆಯಾ" ಫೋನುಗಳಿಗೂ ಈ ಸುತ್ತಿನ ಗಾಳಿ ಬದಲಾಗಿರುವುದಕ್ಕೂ ಸಂಬಂಧ ಇದೆ ಅಂತ ನನ್ನ ಗುಮಾನಿ. ತುಮಕೂರಿನಿಂದ ಶಿರಾ ಕಡೆ ಹೋಗುವಾಗ ವಸಂತನರಸಾಪುರದಲ್ಲಿ 500 ಎಕರೆಗೂ ಮೇಲೆ ಮಶೀನ್ ಟೂಲ್ ಪಾರ್ಕ್ ಅಂತ ಬೇರೆ ಮಾಡಿದ್ದಾರೆ.

ಇರಲಿ. ಮೂರು ಜನರ ಜಾಗಕ್ಕೆ ಮೋಟರ್ ಬಂದಾಗ ಹಳೇ ರೋಗ ಎದ್ದು ಕೂತಿತು. ಮೋಟರಿಗೆ ಕೈಚಳಕ ಇಲ್ಲ. ಒಂದು ವೃತ್ತ ಕತ್ತರಿಸಬೇಕಾದರೆ ಟೇಬಲ್ ನಾಲ್ಕು ಕಡೆ ದಿಕ್ಕು ಬದಲಿಸಬೇಕು, ಅದೂ ಕಟರ್ ಕಬ್ಬಿಣದೊಳಗೆ ಇರುವಾಗಲೇ. ಹಿಂದೆ ಹೋಗಿ ಅದೇ ಕಡೆಯಿಂದ ಮತ್ತೆ ಬಾ ಅನ್ನುವ ಹಾಗಿಲ್ಲ. ಹಾಗಾಗಿ ಟೇಪು ಓದುವ ಮಶೀನುಗಳ ಜೊತೆಜೊತೆಗೇ ಬಾಲ್‌ಸ್ಕ್ರೂ ಕೂಡ ಮಾಮೂಲಾಯ್ತು.

ನಾನು ಮಾತ್ರ ಇದನ್ನೆಲ್ಲ ಓದುವ ಮೊದಲೇ ಬುದ್ಧಿವಂತಿಕೆ ತೋರಿಸಿದ್ದೆ. ಹಳೇ ಸ್ಕ್ರೂವಿಗೇ ಸ್ಟೆಪ್ಪರ್ ಮೋಟರ್ ಕಟ್ಟಿದೆ. ಲಿನಕ್ಸ್‌ಸಿಎನ್‌ಸಿ ಅಂತ ಒಂದು ತಂತ್ರಾಂಶ ಇದೆ. 1990ರ ದಶಕದಲ್ಲಿ ಅಮೆರಿಕ ಸರ್ಕಾರದ ಅಳತೆ-ತೂಕದ ಸಂಸ್ಥೆ ನಿಸ್ಟ್‌ನಲ್ಲಿ ಹುಟ್ಟಿ, ಆಮೇಲೆ ಸ್ವಯಂಸೇವಕರ ಕೈಗೆ ಬಂದದ್ದು, ಪೂರ್ತಿ ಉಚಿತ. ಅದರಲ್ಲಿ ಬ್ಯಾಕ್‌ಲ್ಯಾಶ್ ಎಷ್ಟು ಅಂತ ಬರೆದರೆ ದಿಕ್ಕು ಬದಲಾದಾಗ ಅಷ್ಟು ಹೆಚ್ಚುವರಿ ತಿರುಗಿಸುತ್ತೆ. ಮಧ್ಯಕ್ಕೊಂದು ತುದಿಗೊಂದು ಬೇಕಾದರೆ ಜಾಗ ಜಾಗಕ್ಕೂ ತಿದ್ದುವ ಪಟ್ಟಿಯನ್ನೂ ಕೊಡಬಹುದು. ಕೊಟ್ಟೆ. ಕಟರ್ ಇಲ್ಲದೆ ಡಯಲ್ ಹಾಕಿ ನೋಡಿದರೆ ಎಲ್ಲಾ ಸರಿ! ನಾನು ಗೆದ್ದೆ ಅಂದುಕೊಂಡೆ.

ಮಾವ ಒಂದು ಮಾತು ಕೇಳಿದರು: "ಸ್ಕ್ರೂ ಟೇಬಲ್‌ನ ತಳ್ಳುತ್ತೆ, ಸರಿ. ಕಟರ್ರೇ ಟೇಬಲ್‌ನ ಎಳ್ಕೊಂಡ್ರೆ ನಿನ್ ಪಟ್ಟಿ ಏನ್ ಮಾಡುತ್ತೆ?" ಉತ್ತರ ಎರಡೇ ನಿಮಿಷದಲ್ಲಿ ಸಿಕ್ಕಿತು. ಕಟರ್ ಹಲ್ಲು ಲೋಹವನ್ನು ಹಿಡಿದ ಕಡೆಗೇ ಟೇಬಲ್ ಹೋಗುತ್ತಿದ್ದಾಗ, ನಟ್ಟಿನೊಳಗೆ ಖಾಲಿ ಇದ್ದ ಜಾಗದಷ್ಟು ಟೇಬಲ್ ತಟಕ್ಕನೆ ಹಾರಿತು, 10 ಮಿ.ಮೀ. ಎಂಡ್‌ಮಿಲ್ ಎರಡು ತುಂಡು. ಪ್ಲೇಯನ್ನು ಸಾಫ್ಟ್‌ವೇರ್ ಬಲ್ಲದು, ತುಂಬಲಾರದು. ಆ ರಾತ್ರಿಯೇ ಬಾಲ್‌ಸ್ಕ್ರೂ ಆರ್ಡರ್ ಮಾಡಿದೆ. ಉದ್ದದ ಆಕ್ಸಿಸ್‌ಗೆ 16 ಮಿ.ಮೀ. ವ್ಯಾಸ, ಸುತ್ತಿಗೆ 5 ಮಿ.ಮೀ. ಎರಡು ಬಾಲ್ಸು ಕಮ್ಮಿ ಇರುವ ನಟ್ಟಿನ ಕಥೆ ಮೊದಲೇ ಹೇಳಿದ್ದೇನಲ್ಲ.

ಮಾವನ ಬಗ್ಗೆ ಈಗ ಹೇಳಬೇಕು. ಐಟಿಐ ಫಿಟ್ಟರ್ ಮುಗಿಸಿ ಎಂಬತ್ತರ ದಶಕದಲ್ಲಿ ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಸೇರಿದವರು. ಟೂಲ್‌ರೂಮಿನಲ್ಲಿದ್ದರು. ಗುಬ್ಬಿಯಿಂದ ದಿನಾ ಓಡಾಟ. ಎಚ್‌ಎಂಟಿ ಅಂದರೆ ನಮ್ಮ ತಲೆಮಾರಿಗೆ ತಾತನ ಕೈಗಡಿಯಾರ. ಆದರೆ ಹೆಸರಲ್ಲೇ ಇರುವುದು ಮಶೀನ್ ಟೂಲ್ಸ್. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ವಿಸ್ ಕಂಪನಿ ಓರ್ಲಿಕಾನ್ ಸಹಯೋಗದಲ್ಲಿ ಲೇತ್ ಮಾಡಲು ಶುರುವಾದದ್ದು. ವಾಚು 1961ರಲ್ಲಿ ಜಪಾನಿನ ಸಿಟಿಜನ್ ಜೊತೆ, ತುಮಕೂರಿನ ಫ್ಯಾಕ್ಟರಿ 1978. ಬೆಂಗಳೂರಿನ ಎಚ್‌ಎಂಟಿಯಲ್ಲಿ ಬಾಲ್‌ಸ್ಕ್ರೂಗಳನ್ನೂ ಮಾಡಿದರು. ಬೆಂಗಳೂರಿನಿಂದ ತುಮಕೂರಿಗೆ ಬರುವ ರಸ್ತೆಯಲ್ಲೇ, ಯಶವಂತಪುರದ ಹತ್ತಿರ, 1962ರಿಂದ ಸಿಎಂಟಿಐ ಇದೆ. ಅವರು ಹೊರತಂದ ಮಶೀನ್ ಟೂಲ್ ಡಿಸೈನ್ ಹ್ಯಾಂಡ್‌ಬುಕ್ಕನ್ನು ನಾನು ಕಾಲೇಜಿನಲ್ಲಿ ಪರೀಕ್ಷೆ ಹಾಲಿಗೆ ಹೊತ್ತುಕೊಂಡು ಹೋಗಿದ್ದೆ, ತೆರೆದು ಓದಿದ್ದು ಈ ವರ್ಷ. ಒಟ್ಟಿನಲ್ಲಿ ಈ ಎಪ್ಪತ್ತು ಕಿಲೋಮೀಟರ್ ರಸ್ತೆಯ ಆಸುಪಾಸಿನಲ್ಲಿ ಒಂದು ಕಾಲದ ಭಾರತದ ಮೈಕ್ರಾನ್ ಲೆಕ್ಕದ ದೊಡ್ಡ ಪಾಲು ಇತ್ತು.

2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿತು. ಅದೇ ತಿಂಗಳ ಮೂರನೇ ತಾರೀಕು ಗುಬ್ಬಿಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯ ಶಂಕುಸ್ಥಾಪನೆ ಆಗಿತ್ತು ಅಂತ ಆಗಲೇ ಹೇಳಿದೆನಲ್ಲ. ತುಮಕೂರಿನ ವಾಚ್ ಫ್ಯಾಕ್ಟರಿ ಜಾಗವನ್ನು ಆಮೇಲೆ ಇಸ್ರೋಗೆ ಕೊಟ್ಟರು. ಮಾವ ಒಂದು ಟ್ರಂಕ್ ತುಂಬಾ ಸ್ವಂತ ಸಾಮಾನು ತಂದು ಮನೆಯಲ್ಲಿಟ್ಟರು: ಡಯಲ್ ಗೇಜು, ಸ್ಕ್ರೇಪರ್, ಒಂದಡಿ ಸ್ಟ್ರೈಟ್ ಎಡ್ಜ್. ಮದುವೆ ಸೀರೆ ಹಾಗೆ ಎಣ್ಣೆ ಕಾಗದದಲ್ಲಿ ಸುತ್ತಿಟ್ಟಿದ್ದರು.

ಇನ್ನು ಬಾಲ್‌ಸ್ಕ್ರೂ ಕೂರಿಸುವ ಕೆಲಸ. ನಾನು ಇದನ್ನು ನಾಲ್ಕು ಬೋಲ್ಟಿನ ಕೆಲಸ ಅಂದುಕೊಂಡಿದ್ದೆ. ಎಕ್ಸ್ ಆಕ್ಸಿಸ್‌ನಲ್ಲಿ ನಟ್ಟು ಸ್ಯಾಡಲ್‌ನಲ್ಲಿ ಕೂರುತ್ತೆ, ಸ್ಕ್ರೂ ಟೇಬಲ್ಲಿನ ಎರಡು ತುದಿಯ ಬೇರಿಂಗ್‌ಗಳಲ್ಲಿ ಕೂತು ಟೇಬಲ್ ಜೊತೆ ಓಡಾಡುತ್ತೆ. ಈ ಎರಡು ಬೇರಿಂಗು ಮತ್ತು ಒಂದು ನಟ್ಟು, ಮೂರೂ ಒಂದೇ ಗೆರೆಯಲ್ಲಿರಬೇಕು. ಆ ಗೆರೆ ಟೇಬಲ್ ಜಾರುವ ದಾರಿಗೆ ಸಮಾನಾಂತರವಾಗಿರಬೇಕು, ಮೇಲೆ ಕೆಳಗೂ, ಅಕ್ಕಪಕ್ಕವೂ. ಹಳೇ ಸ್ಕ್ರೂವಿಗೆ ಇದರಲ್ಲಿ ಅರ್ಧ ಮಿ.ಮೀ. ಹೆಚ್ಚುಕಮ್ಮಿ ಆದರೂ ಪ್ಲೇ ಇತ್ತಲ್ಲ, ಹೊಂದಿಕೊಂಡು ಹೋಗುತ್ತಿತ್ತು. ಬಾಲ್‌ಸ್ಕ್ರೂ ಹೊಂದಿಕೊಳ್ಳುವ ಗಿರಾಕಿಯಲ್ಲ. ಅದು ಉದ್ದಕ್ಕೆ ತಳ್ಳುವ ಭಾರ ಹೊರುತ್ತೆ, ಪಕ್ಕಕ್ಕೆ ಒತ್ತಿದರೆ ಕೆಲವೇ ಬಾಲ್ಸು ಎಲ್ಲಾ ಹೊರೆ ಹೊರಬೇಕು. ಬೇರಿಂಗಿನ ಲೆಕ್ಕ ಕ್ರೂರ: ಹೊರೆ ಎರಡರಷ್ಟಾದರೆ ಆಯುಷ್ಯ ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ.

ಈ ನೇರ ಕೂರಿಸುವುದಕ್ಕೂ ಒಂದು ಇತಿಹಾಸ ಇದೆ, ಸ್ಕ್ರೂ ಇತಿಹಾಸಕ್ಕಿಂತ ನನಗೆ ಇದೇ ಹಿಡಿಸಿದ್ದು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1840ರ ಸುಮಾರಿಗೆ ಮೂರು ಪ್ಲೇಟುಗಳನ್ನು ಒಂದಕ್ಕೊಂದು ಬಣ್ಣ ಹಚ್ಚಿ ತಾಗಿಸಿ, ಎದ್ದ ಜಾಗವನ್ನು ಸ್ಕ್ರೇಪರಿನಿಂದ ಕೆರೆದು ಸಮತಟ್ಟು ಮಾಡುವುದನ್ನು ಪ್ರಚಾರಕ್ಕೆ ತಂದ. ಎರಡೇ ಪ್ಲೇಟಾದರೆ ಒಂದು ಉಬ್ಬಿ ಇನ್ನೊಂದು ತಗ್ಗಿ ಜೋಡಿಯಾಗಿಬಿಡಬಹುದು, ಮೂರಾದರೆ ಆ ಮೋಸ ನಡೆಯಲ್ಲ. ಮುಂದೆ ಬರ್ಲಿನ್ನಿನ ಪ್ರೊಫೆಸರ್ ಗಿಯೋರ್ಗ್ ಶ್ಲೆಸಿಂಗರ್ 1927ರಲ್ಲಿ ಒಂದು ಪುಸ್ತಕ ತಂದ. ಲೇತಿಗೆ, ಮಿಲ್ಲಿಂಗಿಗೆ ಎಲ್ಲೆಲ್ಲಿ ಡಯಲ್ ಇಡಬೇಕು, ಎಷ್ಟು ಉದ್ದಕ್ಕೆ ಎಷ್ಟು ತಪ್ಪು ಇರಬಹುದು ಅಂತ ಚಿತ್ರ ಸಮೇತ ಪಟ್ಟಿ. ಅಲ್ಲಿಯವರೆಗೆ ಮಾರುವವನೂ ಕೊಳ್ಳುವವನೂ ಬಾಯಿಮಾತಲ್ಲಿ ಜಗಳವಾಡುತ್ತಿದ್ದರು. 1933ರಲ್ಲಿ ನಾಜಿಗಳು ಯಹೂದಿಯಾದ ಅವನನ್ನು ದೇಶದ್ರೋಹದ ಸುಳ್ಳು ಆರೋಪದಲ್ಲಿ ಜೈಲಿಗೆ ಹಾಕಿದರು. ಬಿಡುಗಡೆಯಾದ ಮೇಲೆ ದೇಶ ಬಿಟ್ಟು ಕೊನೆಗೆ ಇಂಗ್ಲೆಂಡ್ ಸೇರಿ 1949ರಲ್ಲಿ ತೀರಿಕೊಂಡ. ಪಟ್ಟಿ ಮಾತ್ರ ಪ್ರಪಂಚ ಸುತ್ತಿತು. ನಮ್ಮ ಐಎಸ್ 2063 ಅದೇ ಸಂತತಿ. ಎಚ್‌ಎಂಟಿ ಮಶೀನುಗಳ ಜೊತೆ ಟೆಸ್ಟ್ ಚಾರ್ಟ್ ಅಂತ ಒಂದು ಹಾಳೆ ಕೊಡುತ್ತಿದ್ದರು. ಮಾವನಿಗೆ ಶ್ಲೆಸಿಂಗರ್ ಹೆಸರು ಗೊತ್ತಿಲ್ಲ. ಅವನ ಪಟ್ಟಿ ಬಾಯಿಪಾಠ.

ಕೆಲಸ ಶುರು ಮಾಡುವ ಹೊತ್ತಿಗೆ ಗೊತ್ತಾದ ಒಂದು ವಿಷಯ: ಮಾವನಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್‌ಗೆ ಡೇಟ್ ಕೊಟ್ಟಿದ್ದಾರೆ, ಮುಂದಕ್ಕೆ ಹಾಕುತ್ತಲೇ ಇದ್ದಾರೆ. ಡಯಲ್ಲಿನ ಮುಳ್ಳು ಅವರಿಗೆ ಕಾಣುವುದಿಲ್ಲ. ಯಾರಿಗೂ ಹೇಳಿರಲಿಲ್ಲ. ಹಾಗಾಗಿ ನಾನು ಬಗ್ಗಿ ಡಯಲ್ ನೋಡಿ ಸಂಖ್ಯೆ ಕೂಗುವುದು, ಭಾವ ಹ್ಯಾಂಡಲ್ ತಿರುಗಿಸಿ ಟೇಬಲ್ ಓಡಿಸುವುದು, ಮಾವ ಸ್ಟೂಲ್ ಮೇಲೆ ಕೂತು ಏನು ಮಾಡಬೇಕು ಅಂತ ಹೇಳುವುದು. ಮಿಲ್ಲಿಂಗ್ ಮಶೀನಿನ ಮುಂದೆ ಮೂರು ಜನ.

ಮೊದಲು ಸ್ಕ್ರೂ ಹಾಕಲೇ ಇಲ್ಲ. ಅದರ ಬದಲು ಭಾವನ ಕೈಲಿ ಒಂದು ನೇರವಾದ ಗ್ರೈಂಡ್ ಮಾಡಿದ ಬಾರ್ ತರಿಸಿ ಎರಡು ಬೇರಿಂಗ್ ಬ್ರ್ಯಾಕೆಟ್ಟುಗಳ ನಡುವೆ ಕೂರಿಸಿದರು. ಡಯಲ್ಲಿನ ಅಯಸ್ಕಾಂತ ಸ್ಟ್ಯಾಂಡ್ ಸ್ಯಾಡಲ್ ಮೇಲೆ, ಮೂಗು ಬಾರಿನ ಮೇಲೆ. 400 ಮಿ.ಮೀ. ಟೇಬಲ್ ಓಡಿಸಿದರೆ ಮೇಲಕ್ಕೆ 0.18, ಪಕ್ಕಕ್ಕೆ 0.11 ತಪ್ಪು. "ಇಷ್ಟಿಟ್ಕೊಂಡು ನೀನು ಸ್ಕ್ರೂ ಹಾಕಕ್ಕೆ ಹೊರಟಿದ್ದೆ" ಅಂದರು. ಫೀಲರ್ ಗೇಜ್ ಎಲೆ ಕತ್ತರಿಸಿ ಶಿಮ್ ಇಟ್ಟು ಎಲ್ಲಿ ಎಷ್ಟು ಬೇಕು ಅಂತ ಮೊದಲು ಗೊತ್ತು ಮಾಡಿಕೊಂಡೆವು. ನಾನು ಸರಿ ಮುಗೀತು ಅಂದೆ. ಶಿಮ್ ಅಳತೆ ತಿಳಿಯೋಕೆ, ಬಿಟ್ಟು ಹೋಗೋಕಲ್ಲ ಅಂದು ಎಲ್ಲಾ ತೆಗೆಸಿ, ಎದುರು ತುದಿಯ ಬ್ರ್ಯಾಕೆಟ್ ಕೂರುವ ಮೈಯನ್ನು ಅಷ್ಟು ಕೆರೆಸಿದರು. ನೀಲಿ ಹಚ್ಚಿ ತಾಗಿಸುವುದು, ನೀಲಿ ಹತ್ತಿದ ಕಡೆ ಸ್ಕ್ರೇಪರ್, ಮತ್ತೆ ನೀಲಿ. ಇದರಲ್ಲಿ ಮಾತ್ರ ಅವರು ಭಾವನನ್ನು ಪಕ್ಕಕ್ಕೆ ಸರಿಸಿ ತಾವೇ ಕೂತರು. ಕೆರೆದ ಜಾಗವನ್ನು ಬೆರಳ ತುದಿಯಲ್ಲಿ ಸವರಿ ನೋಡುತ್ತಿದ್ದರು. ಎರಡು ದಿನ ಹಿಡಿಯಿತು. ಕೊನೆಗೆ ನಾನು ಕೂಗಿದ ಸಂಖ್ಯೆ ಎರಡೂ ಕಡೆ 0.02ರ ಒಳಗೆ.

ಆಮೇಲೆ ಸ್ಕ್ರೂ. ಮೋಟರ್ ಕಡೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಕೋನದ ಬೇರಿಂಗು, ಆ ತುದಿ ಅಲ್ಲಾಡುವ ಹಾಗಿಲ್ಲ. ಇನ್ನೊಂದು ತುದಿ ಉದ್ದಕ್ಕೆ ಜಾರಲು ಬಿಡಬೇಕು. ಯಾಕೆಂದರೆ ಉಕ್ಕು ಮೀಟರಿಗೆ ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಬೆಳೆಯುತ್ತೆ. ಮುಕ್ಕಾಲು ಮೀಟರಿಗೆ ಹತ್ತಿರದ ಸ್ಕ್ರೂ ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ 15 ಡಿಗ್ರಿ ಬಿಸಿಯಾದರೆ 0.12 ಮಿ.ಮೀ.ಗೂ ಮೇಲೆ ಉದ್ದವಾಗುತ್ತೆ. ಎರಡೂ ಕಡೆ ಕಟ್ಟಿಹಾಕಿದರೆ ಬಿಲ್ಲಿನ ಹಾಗೆ ಬಾಗುತ್ತೆ. ನಟ್ಟಿನ ಬೋಲ್ಟುಗಳನ್ನು ಸಡಿಲ ಬಿಟ್ಟು, ಟೇಬಲ್ಲನ್ನು ಮೋಟರ್ ತುದಿಯ ಹತ್ತಿರಕ್ಕೆ ತಂದು, ನಟ್ಟು ತಾನೇ ತನ್ನ ಜಾಗ ಹುಡುಕಿಕೊಂಡ ಮೇಲೆ ಎದುರು ಬದುರಾಗಿ ಬಿಗಿದೆವು. ಟೇಬಲ್ಲನ್ನು ಆ ಕೊನೆಗೆ ಒಯ್ದು ಆ ಬೇರಿಂಗನ್ನು ಬಿಗಿದೆವು. ಯಾಕೆ ತುದಿಯಲ್ಲೇ? ಮಧ್ಯದಲ್ಲಿ ಸ್ಕ್ರೂ ಸ್ವಲ್ಪ ಬಾಗಿಕೊಟ್ಟು ನಮ್ಮ ತಪ್ಪನ್ನು ಮುಚ್ಚಿಡುತ್ತೆ, ಬೇರಿಂಗ್ ಹತ್ತಿರ ಬಾಗಲು ಜಾಗವಿಲ್ಲ, ತಪ್ಪೆಲ್ಲ ಬಯಲು.

"ಈಗ ಮೋಟರ್ ಹಾಕ್ಬೇಡ. ಕಣ್ ಮುಚ್ಕೊಂಡು ಎರಡು ಬೆರಳಲ್ಲಿ ತಿರುಗಿಸು" ಅಂದರು. ತಿರುಗಿಸಿದೆ. ಎಲ್ಲಾ ಒಂದೇ ಥರ ಅನ್ನಿಸಿತು. ಅವರು ತಿರುಗಿಸಿ, "ಕೊನೇ ಎರಡು ಇಂಚಲ್ಲಿ ಹಿಡೀತಿದೆ, ನೋಡು" ಅಂದರು. ಡಯಲ್ ಹಾಕಿ ನೋಡಿದರೆ ಆ ಬ್ರ್ಯಾಕೆಟ್ ಬಿಗಿಯುವಾಗ 0.03 ಪಕ್ಕಕ್ಕೆ ಸರಿದಿತ್ತು. ಡಯಲ್ ಕಾಣದವರು ಬೆರಳಲ್ಲಿ ಕಂಡದ್ದು.

ನನ್ನ ಮಾನ ಉಳಿದದ್ದು ಒಂದೇ ಕಡೆ. ನಾವು ತಂದಿದ್ದು ಅಗ್ಗದ, ಉರುಳಿಸಿ ಮಾಡಿದ ಸ್ಕ್ರೂ, ಸಿ7 ದರ್ಜೆ. 300 ಮಿ.ಮೀ.ಗೆ 0.05 ತಪ್ಪು ಅದರ ಹಣೆಬರಹದಲ್ಲೇ ಇದೆ. ವಾಚಿನವರಿಗೆ ಇದು ಸಹಿಸಲು ಕಷ್ಟ. ಇದನ್ನು ಕೆರೆದು ಸರಿ ಮಾಡಲು ಆಗಲ್ಲ, ಆದರೆ ಈ ತಪ್ಪು ದಿನಾ ಒಂದೇ ಥರ ಇರುತ್ತೆ. ಸ್ಲಿಪ್ ಗೇಜ್ ಇಟ್ಟು 50 ಮಿ.ಮೀ.ಗೊಮ್ಮೆ ಅಳೆದು ಲಿನಕ್ಸ್‌ಸಿಎನ್‌ಸಿಗೆ ತಿದ್ದುಪಟ್ಟಿ ಬರೆದೆ. ಈ ಸಲ ಅದು ನಿಂತಿತು, ಯಾಕೆಂದರೆ ಒಳಗೆ ಖಾಲಿ ಜಾಗ ಇಲ್ಲ. ಆಮೇಲೆ ಓದಿದಾಗ ತಿಳಿಯಿತು, ಜಿನೀವಾದ ಸೊಸೈಟೆ ಜೆನೆವ್ವಾಸ್ ಕಂಪನಿಯವರು ತಮ್ಮ ಜಿಗ್ ಬೋರಿಂಗ್ ಮಶೀನುಗಳಲ್ಲಿ ಪ್ರತಿ ಸ್ಕ್ರೂವಿನ ತಪ್ಪನ್ನೂ ಅಳೆದು, ಅಷ್ಟೇ ಏರಿಳಿತ ಇರುವ ಒಂದು ಲೋಹದ ಪಟ್ಟಿಯನ್ನು ಕೈಯಲ್ಲಿ ಕೆತ್ತಿ ಮಶೀನಿಗೇ ಜೋಡಿಸುತ್ತಿದ್ದರಂತೆ. ನಾನು ಫೈಲಿನಲ್ಲಿ ಬರೆದದ್ದನ್ನು ಅವರು ಕಬ್ಬಿಣದಲ್ಲಿ ಬರೆದಿದ್ದರು! ಇದನ್ನು ಹೇಳಿದಾಗ ಮಾವ ತಲೆಯಾಡಿಸಿದರು, "ಹಂಗಾದ್ರೆ ನಿನ್ ಪಟ್ಟಿ ಪರವಾಗಿಲ್ಲ" ಅಂದರು.

ವೈ ಆಕ್ಸಿಸ್ ಬೇಗ ಆಯ್ತು, ಅದರ ಬಗ್ಗೆ ಬರೆಯುವಂಥದ್ದೇನಿಲ್ಲ. ಹೊಸ ವರ್ಷದ ಮೊದಲ ಭಾನುವಾರ 60 ಮಿ.ಮೀ. ವೃತ್ತ ಕತ್ತರಿಸಿದೆವು. ಹಳೇ ಸ್ಕ್ರೂವಿನಲ್ಲಿ ನಾಲ್ಕು ಕಡೆ ಉಗುರಿಗೆ ಸಿಗುವ ಮೆಟ್ಟಿಲು ಇತ್ತು. ಈಗ ಅಡ್ಡ ಉದ್ದ ಮೂಲೆ ಎಲ್ಲಾ ಕಡೆ ಅಳೆದರೂ 0.03ರ ಒಳಗೆ. ಮಾವ ಒಂದು ಎಕ್ಸರ್‌ಸೈಜ್ ಪುಸ್ತಕದ ಹಾಳೆಯಲ್ಲಿ ನನ್ನ ಕೈಲಿ ಟೆಸ್ಟ್ ಚಾರ್ಟ್ ಬರೆಸಿದರು. ಎಡಕ್ಕೆ ಇರಬೇಕಾದ್ದು, ಬಲಕ್ಕೆ ಇರುವುದು, ಕೆಳಗೆ ತಾರೀಕು, ಅವರ ಸಹಿ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮಶೀನಿನ ಬಾಗಿಲೊಳಗೆ ಅಂಟಿಸಿದ್ದೇವೆ. ಭಾವನ ಆರ್ಡರಿನ ಮೊದಲ ನಲವತ್ತು ಪೀಸ್ ಹೋಯ್ತು, ಮೂರು ವಾಪಸ್ ಬಂತು. ಮೂರೂ ಡ್ರಿಲ್ ತಪ್ಪು, ಸ್ಕ್ರೂವಿನದಲ್ಲ.

ಝಡ್ ಆಕ್ಸಿಸ್ ಬಾಕಿ ಇದೆ. ಹಳೇ ಸ್ಕ್ರೂವಿನ ತಿಕ್ಕಾಟಕ್ಕೆ ಒಂದು ಉಪಕಾರ ಇತ್ತು, ಭಾರ ಇಟ್ಟರೆ ಇಟ್ಟಲ್ಲೇ ನಿಲ್ಲುತ್ತಿತ್ತು. ಬಾಲ್‌ಸ್ಕ್ರೂ ಎಷ್ಟು ನುಣುಪು ಅಂದರೆ ಭಾರವೇ ಅದನ್ನು ಹಿಂದಕ್ಕೆ ತಿರುಗಿಸುತ್ತೆ. ಟೇಬಲ್ ಹೊರುವ ಇಡೀ ಕೆಳಭಾಗಕ್ಕೆ ಬಾಲ್‌ಸ್ಕ್ರೂ ಹಾಕಿ ಪರೀಕ್ಷೆ ಮಾಡುತ್ತಿದ್ದ ಸಂಜೆ ಕರೆಂಟ್ ಹೋಯ್ತು. ಮೋಟರ್ ಹಿಡಿತ ಬಿಟ್ಟಿತು, ಇನ್ನೂರು ಚಿಲ್ಲರೆ ಕಿಲೋ ಕಬ್ಬಿಣ ಕತ್ತಲಲ್ಲಿ ಸದ್ದು ಮಾಡುತ್ತಾ ಕೆಳಗಿಳಿಯಿತು. ಯಾರ ಕೈಯೂ ಅಡಿಯಲ್ಲಿರಲಿಲ್ಲ, ಪುಣ್ಯ. ಬ್ರೇಕ್ ಇರುವ ಮೋಟರ್ ಆರ್ಡರ್ ಮಾಡಿದ್ದೇವೆ. ಅದು ಬರುವವರೆಗೂ ಕೆಳಗೆ ಪಕ್ಕದ ಮನೆಯವರ ಲಾರಿ ಜ್ಯಾಕ್ ಇಟ್ಟಿದ್ದೇವೆ.